ಜ್ವರ ಇಲ್ಲ, ಡೆಂಗ್ಯೂ ಇಲ್ಲ, ಆದರೂ ಅಪ್ಪನ ಪ್ಲೇಟ್‌ಲೆಟ್ 72 ಸಾವಿರ. ಯಾಕೆ?

ಬನಹಟ್ಟಿ ಮಗಳು:
ಅಪ್ಪನಿಗೆ 61 ವರ್ಷ. ಈಗಲೂ ದಿನಾ ಮಗ್ಗಕ್ಕೆ ಕೂಡುತ್ತಾರೆ. ಒಂದು ತಿಂಗಳಿಂದ ಹಲ್ಲುಜ್ಜಿ ಉಗುಳಿದರೆ ರಕ್ತ. ಮೊಣಕೈ ಎಲ್ಲಾದರೂ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತದೆ. ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಡೆಂಗ್ಯೂ ಅಂದುಕೊಂಡು ವಾರವಿಡೀ ಪಪ್ಪಾಯಿ ಎಲೆ ರಸ ಕುಡಿಸಿದೆವು. ಈಗ ಸ್ಕ್ಯಾನ್‌ನಲ್ಲಿ ಲಿವರ್ ಗಟ್ಟಿಯಾಗಿದೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ ಅಂತ ಬಂದಿದೆ. ಅಪ್ಪ ಕುಡಿದವರೇ ಅಲ್ಲ. ಶುಗರ್ ಮಾತ್ರ ಇದೆ. ಲಿವರ್‌ಗೂ ಪ್ಲೇಟ್‌ಲೆಟ್‌ಗೂ ಏನು ಸಂಬಂಧ? ಪ್ಲೇಟ್‌ಲೆಟ್ ಏರಿಸಿದರೆ ಲಿವರ್ ಸರಿಹೋಗುತ್ತಾ?

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್, ವಿಜಯಪುರ:
ಅಕ್ಕಾರೆ, ಪ್ಲೇಟ್‌ಲೆಟ್ ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಆದರೆ ಅದನ್ನು ತಯಾರಿಸು ಅಂತ ಮಜ್ಜೆಗೆ ಹೇಳುವ ಥ್ರಾಂಬೊಪೊಯೆಟಿನ್ ಹಾರ್ಮೋನ್ ಹೆಚ್ಚಾಗಿ ಬರುವುದು ಲಿವರ್‌ನಿಂದ. ಲಿವರ್ ಸೊರಗಿದರೆ ಅದೂ ಕಡಿಮೆ.

ಇನ್ನೊಂದು ಕಾರಣ ಗುಲ್ಮ. ಗಟ್ಟಿಯಾದ ಲಿವರ್ ಒಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ, ಹಿಂದಕ್ಕೆ ಒತ್ತುತ್ತದೆ, ಗುಲ್ಮ ಉಬ್ಬುತ್ತದೆ. ಎಲ್ಲರಲ್ಲೂ ಪ್ಲೇಟ್‌ಲೆಟ್‌ನ ಮೂರನೇ ಒಂದು ಪಾಲು ಗುಲ್ಮದಲ್ಲೇ ಇರುತ್ತದೆ. ಅದು ಉಬ್ಬಿದರೆ ಇನ್ನೂ ಜಾಸ್ತಿ ಅಲ್ಲೇ ಕೂತುಬಿಡುತ್ತದೆ.

ಏರಿಸುವ ಮಾತಿಗೆ ಬರ್ತೀನಿ. ನಮ್ಮಲ್ಲಿ ಪ್ಲೇಟ್‌ಲೆಟ್ ಚೀಲ ಫ್ರಿಜ್‌ನಲ್ಲಿ ಇಡುವುದಿಲ್ಲ. 22 ಡಿಗ್ರಿಯಲ್ಲಿ, ಸದಾ ಅಲುಗಾಡುವ ತಟ್ಟೆಯ ಮೇಲೆ, 5 ದಿನ ಅಷ್ಟೇ. ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಹಳದಿ ನೀರಿನೊಳಗೆ ಹೊಗೆ ಸುಳಿದ ಹಾಗೆ ಕಾಣಬೇಕು, ಆಗಲೇ ಅದು ಚೆನ್ನಾಗಿದೆ ಅಂತ. ಇಷ್ಟು ಜೋಪಾನ ಮಾಡಿ ಕೊಟ್ಟರೂ ನಿಮ್ಮ ಅಪ್ಪನಂಥವರಲ್ಲಿ ಬಹಳಷ್ಟನ್ನು ಗುಲ್ಮವೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಸುಮ್ನೆ ನಂಬರ್ ಏರಿಸಲು ಡಾಕ್ಟರ್ ಬರೆಯುವುದಿಲ್ಲ.

ಬನಹಟ್ಟಿ ಮಗಳು:
ಲಿವರ್ ಮತ್ತೆ ಬೆಳೆಯಲು ಪ್ಲೇಟ್‌ಲೆಟ್ಟೇ ಬೇಕು ಅಂತ ಓದಿದ್ದೆ. ಅದು ಸುಳ್ಳಾ?

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್, ವಿಜಯಪುರ:
ಸುಳ್ಳಲ್ಲ. ಲಿವರ್‌ನ ಒಂದು ಭಾಗ ಕತ್ತರಿಸಿ ತೆಗೆದಾಗ ಪ್ಲೇಟ್‌ಲೆಟ್‌ಗಳು ಉಳಿದ ಭಾಗದಲ್ಲಿ ಸೇರಿ, ತಮ್ಮಲ್ಲಿರುವ ಸಿರೊಟೋನಿನ್ ಅನ್ನೋ ರಾಸಾಯನಿಕ ಬಿಟ್ಟು ಬೆಳವಣಿಗೆಗೆ ನೆರವಾಗುತ್ತವೆ. 2006ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಆದರೆ ಕೊಬ್ಬು ತುಂಬಿ ಊದಿಕೊಂಡ ಲಿವರ್‌ನಲ್ಲಿ ಅದೇ ಪ್ಲೇಟ್‌ಲೆಟ್ ಉರಿಯೂತ ಹೆಚ್ಚಿಸುವುದೂ ಉಂಟು. ಹಾಗಾಗಿ ಮೂಲ ಕಾಯಿಲೆಗೇ ಔಷಧ ಆಗಬೇಕು. ಶುಗರ್ ಬಿಗಿ ಹಿಡಿಯಿರಿ.

ಗೋಕಾಕದವಳು:
ತಂಗಿ, ನಮ್ಮ ಕಾಕಾಗೂ ಇದೇ ಆಗಿತ್ತು. ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ರಕ್ತನಾಳ ಉಬ್ಬಿದ್ದು ಗೊತ್ತಾಗಿ ಬ್ಯಾಂಡ್ ಹಾಕಿದರು. ತಪ್ಪದೆ ಕೇಳು. ಮಲ ಡಾಂಬರಿನ ಹಾಗೆ ಕಪ್ಪಾದರೆ, ರಕ್ತ ವಾಂತಿಯಾದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡು. ಡಾಕ್ಟರ್‌ನ ಕೇಳದೆ ನೋವಿನ ಮಾತ್ರೆ ಕೊಡಬೇಡ.

ಬನಹಟ್ಟಿ ಮಗಳು:
ಅಪ್ಪನ ಅಂಗಿ ಕಿಸೆ ನೋಡಿದೆ. ಮೊಣಕಾಲು ನೋವಿನ ಮಾತ್ರೆ, ಅರ್ಧ ಪಟ್ಟಿ ಖಾಲಿ. ತೆಗೆದಿಟ್ಟಿದ್ದೇನೆ. ನಾಳೆ ಡಾಕ್ಟರ್‌ಗೆ ತೋರಿಸಿ, ಎಂಡೋಸ್ಕೋಪಿಗೂ ಕೇಳ್ತೀನಿ.