ಒಂದೇ ಸಂಬಳ, ಮನೆ ಸಾಲ ಬೇಗ ತೀರಿಸೋದು ಹೇಗೆ?

ಪ್ರಶ್ನೆ (ಹಾಸನ):
ಬಾಕಿ 20 ಲಕ್ಷ, ಫ್ಲೋಟಿಂಗ್ (ಏರಿಳಿಯೋ) ಬಡ್ಡಿ ಶೇ. 8.5, ಇನ್ನೂ 20 ವರ್ಷ, ಕಂತು 17,356. ದುಡಿಯೋದು ನಾನೊಬ್ಬನೇ. ಕೈಯಲ್ಲಿ 1 ಲಕ್ಷ ಇದೆ. ಅಸಲಿಗೆ ಕಟ್ಟಲಾ? ದಂಡ ಹಾಕ್ತಾರಾ?

ಮಲ್ನಾಡ್ ಲೆಕ್ಕ:
ಫ್ಲೋಟಿಂಗ್ ಬಡ್ಡಿ ಮನೆ ಸಾಲಕ್ಕೆ ದಂಡ ಹಾಕೋ ಹಾಗಿಲ್ಲ, ಆರ್‌ಬಿಐ ನಿಯಮ. ಅರ್ಜಿಯಲ್ಲಿ ಮಾತ್ರ ‘ಕಂತು ಅಷ್ಟೇ ಇರಲಿ, ಅವಧಿ ಇಳಿಸಿ’ ಅಂತ ಬರೆದುಕೊಡಿ. ಸುಮಾರು 28 ಕಂತು ತಪ್ಪುತ್ತೆ, ಬಡ್ಡಿಯಲ್ಲಿ 3.9 ಲಕ್ಷ ಉಳಿಯುತ್ತೆ. ಕಂತು ಇಳಿಸಿಕೊಂಡ್ರೆ ತಿಂಗಳಿಗೆ ಬರೀ 868 ರೂಪಾಯಿ ಕಮ್ಮಿ, ಒಟ್ಟು ಉಳಿಯೋದು 1.08 ಲಕ್ಷ. ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯಾ ನೋಡಿ. ಮುಂಗಡ ಕಂತು ಅಂತ ಜಮಾ ಆಗಿದ್ರೆ ಲಾಭವಿಲ್ಲ.

ಹೇಮಾವತಿ ದಂಡೆ:
ತಡೀರಿ ಸಾರ್. ಆರು ತಿಂಗಳ ಕಂತು, ಮನೆ ಖರ್ಚು ಬೇರೆ ಎತ್ತಿಟ್ಟಿದ್ದೀರಾ? ಇಲ್ಲ ಅಂದ್ರೆ ಈ ಲಕ್ಷ ಮೊದಲು ಅಲ್ಲಿಗೆ. ಕಟ್ಟಿದ ದುಡ್ಡು ಆಸ್ಪತ್ರೆ ಖರ್ಚು ಬಂತು ಅಂತ ವಾಪಸ್ ಕೊಡಲ್ಲ, ಆಮೇಲೆ ಒಡವೆ ಅಡ ಇಡಬೇಕಾಗುತ್ತೆ. ಬಾಕಿಯಷ್ಟಾದ್ರೂ ಟರ್ಮ್ ಇನ್ಶೂರೆನ್ಸ್ (ನಮಗೇನಾದ್ರೂ ಆದ್ರೆ ಮನೆಯವರಿಗೆ ದುಡ್ಡು ಬರೋ ವಿಮೆ) ಇರಲಿ.

ಮಲ್ನಾಡ್ ಲೆಕ್ಕ:
ಸರಿಯಾದ ಮಾತು. ತೆರಿಗೆ ಉಳಿಯುತ್ತೆ ಅಂತ ಸಾಲ ಇಟ್ಟುಕೊಳ್ಳೋರಿಗೆ: ವಾಸದ ಮನೆ ಬಡ್ಡಿಗೆ 2 ಲಕ್ಷದ ಕಡಿತ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಸಬ್‌ರಿಜಿಸ್ಟ್ರಾರ್ ಕ್ಯೂ:
ಪೂರ್ತಿ ತೀರಿದ ಮೇಲೆ ಮೂಲ ಪತ್ರ 30 ದಿನದಲ್ಲಿ ಕೊಡಬೇಕು. ಬ್ಯಾಂಕೇ ತಡ ಮಾಡಿದ್ರೆ ದಿನಕ್ಕೆ 5,000 ಪರಿಹಾರ. ಅಡಮಾನ ನೋಂದಣಿ ಆಗಿದ್ರೆ ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿ, ಇ.ಸಿ. (ಆಸ್ತಿ ಮೇಲಿನ ಋಣಭಾರ ತೋರಿಸೋ ಪತ್ರ) ತೆಗೆಸಿ ನೋಡಿ.