ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚ್ ಕೊಳ್ಳಲು ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಮನೆಯ ಸೋಲಾರ್ ಹೀಟರಿನ ತಾಮ್ರದ ಪೈಪುಗಳಿಗೆ ಬೆಸುಗೆ ಹಾಕಲು, ತುಕ್ಕು ಹಿಡಿದು ಬಿಗಿದುಕೊಂಡ ನಟ್ಟುಗಳನ್ನು ಕಾಯಿಸಿ ಬಿಡಿಸಲು ಪ್ರೊಪೇನ್ ಟಾರ್ಚ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ನನಗೆ ತೋರಿಸಿದ್ದು ಬ್ಯೂಟೇನ್ ಡಬ್ಬಿಗೆ ಸಿಕ್ಕಿಸುವಂಥದ್ದು. ಆದರೆ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಅನಿಲವಾಗುತ್ತದೆ, ಬ್ಯೂಟೇನಿಗೆ ಸುಮಾರು 0 ಡಿಗ್ರಿ ಬೇಕು, ಹಾಗಾಗಿ ನಮ್ಮ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದರ ಒತ್ತಡ ಕುಗ್ಗಿ ಜ್ವಾಲೆ ಸೊರಗೀತೆಂಬ ಆತಂಕ ನನಗಿದೆ.

ತವರದ ಬೆಸುಗೆಗೆ 250 ಡಿಗ್ರಿಯ ಆಸುಪಾಸಿನ ಬಿಸಿ ಸಾಕಾದ್ದರಿಂದ ತೀರಾ ಪ್ರಖರವಾದ ಜ್ವಾಲೆ ಬೇಕಿಲ್ಲ; ಓರೆಯಾಗಿ ಹಿಡಿದಾಗಲೂ ಆರದ, ಗುಂಡಿ ಒತ್ತಿದೊಡನೆ ಹೊತ್ತಿಕೊಳ್ಳುವ, ಎಲ್ಲಕ್ಕಿಂತ ಮುಖ್ಯವಾಗಿ ವಾಲ್ವ್ ಸೋರದ ಟಾರ್ಚ್ ಬೇಕು. ಅಡುಗೆ ಸಿಲಿಂಡರಿಗೆ ಜೋಡಿಸುವುದು ಅಪಾಯವೆಂದು ಆ ಯೋಚನೆಯನ್ನೇ ಕೈಬಿಟ್ಟಿದ್ದೇನೆ. ಪ್ಲಂಬಿಂಗ್ ಅಥವಾ ಫ್ರಿಜ್ ರಿಪೇರಿಯ ಅನುಭವವಿರುವವರು ತಾವು ಯಾವ ಬಗೆಯದನ್ನು ಬಳಸುತ್ತೀರಿ, ಪ್ರೊಪೇನ್ ಡಬ್ಬಿ ಇಲ್ಲಿ ಅಥವಾ ಹಾಸನದಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.