ಇಎಸ್‌ಎಕ್ಸ್‌ಐ ಹೋಸ್ಟ್‌ನ ಯುಡಿಪಿ 427 ಮೂಲಕ ಡಿಡಾಸ್ (ಟ್ರಾಫಿಕ್ ಸುರಿದು ಮುಳುಗಿಸುವ ದಾಳಿ) ಹೋಗುತ್ತಿದೆ ಅಂತ ಐಎಸ್‌ಪಿ ನೋಟಿಸ್, ಏನು ಮಾಡಬೇಕು?

ಪ್ರಶ್ನೆ:
ಎರಡು ಇಎಸ್‌ಎಕ್ಸ್‌ಐ 6.7 (ವರ್ಚುವಲ್ ಮಷಿನ್, ಅಂದರೆ ವಿಎಂ ಓಡಿಸುವ ವಿಎಂವೇರ್ ಸಾಫ್ಟ್‌ವೇರ್) ಹೋಸ್ಟ್‌ಗಳಿವೆ, ಎರಡರ ಮ್ಯಾನೇಜ್‌ಮೆಂಟ್ ಐಪಿಯೂ ಪಬ್ಲಿಕ್. ಪ್ಯಾಕೆಟ್ ಕ್ಯಾಪ್ಚರ್‌ನಲ್ಲಿ ಒಂದೇ ಐಪಿಯಿಂದ ಪುಟ್ಟ ಪುಟ್ಟ ಪ್ಯಾಕೆಟ್‌ಗಳು ಎಡೆಬಿಡದೆ ಬರುತ್ತಿವೆ. ಆ ಐಪಿ ಬ್ಲಾಕ್ ಮಾಡಿದರೆ ಸಾಕಾ? ವಿಎಂಗಳನ್ನು ನಿಲ್ಲಿಸುವ ಹಾಗಿಲ್ಲ.

ಉತ್ತರ 1:
ಆ ಐಪಿ ದಾಳಿ ಮಾಡುವವರದ್ದಲ್ಲ, ಏಟು ತಿನ್ನುತ್ತಿರುವವರದ್ದು. ಸೋರ್ಸ್ ವಿಳಾಸದಲ್ಲಿ ಅವರ ಐಪಿ ಹಾಕಿ ನಿಮಗೆ ರಿಕ್ವೆಸ್ಟ್ ಕಳಿಸುತ್ತಾರೆ, ನಿಮ್ಮ ಹೋಸ್ಟ್ ಅವರಿಗೆ ಉತ್ತರ ಸುರಿಯುತ್ತದೆ. ಇದನ್ನು ಬ್ಲಾಕ್ ಮಾಡಿದರೆ ನಾಳೆ ಇನ್ನೊಂದು ಐಪಿ ಬರುತ್ತದೆ.

ತೊಂದರೆ ಇರುವುದು ಪೋರ್ಟ್ 427 ಬಳಸುವ ಎಸ್‌ಎಲ್‌ಪಿಯಲ್ಲಿ (ಸರ್ವಿಸ್ ಲೊಕೇಶನ್ ಪ್ರೋಟೋಕಾಲ್). ಲ್ಯಾನ್ ಒಳಗೆ ಪ್ರಿಂಟರ್, ಸರ್ವರ್ ಹುಡುಕಲೆಂದು 1997ರಲ್ಲಿ ಬಂದ ಪ್ರೋಟೋಕಾಲ್ ಅದು. ಇಂಟರ್ನೆಟ್‌ಗೆ ತೆರೆದಿಡಲು ಮಾಡಿದ್ದಲ್ಲ. 29 ಬೈಟ್ ರಿಕ್ವೆಸ್ಟ್‌ಗೆ ಸಾಮಾನ್ಯವಾಗಿ 48ರಿಂದ 350 ಬೈಟ್ ಉತ್ತರ ಬರುತ್ತದೆ. ಆದರೆ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಅದರಲ್ಲಿ ಸರ್ವಿಸ್ ರಿಜಿಸ್ಟರ್ ಮಾಡಬಹುದು. ಮೊದಲು ಸುಳ್ಳು ಸರ್ವಿಸ್‌ಗಳನ್ನು ತುಂಬಿ, ಉತ್ತರವನ್ನು 65,000 ಬೈಟ್ ಆಸುಪಾಸಿಗೆ ಉಬ್ಬಿಸಿ, ಆಮೇಲೆ ರಿಕ್ವೆಸ್ಟ್ ಶುರು ಮಾಡುತ್ತಾರೆ. ಅಂದರೆ ರಿಕ್ವೆಸ್ಟ್‌ನ ಸುಮಾರು 2,200 ಪಟ್ಟು ಉತ್ತರ. 2023ರ ಏಪ್ರಿಲ್‌ನಲ್ಲಿ ಹೊರಬಂದ ಸಿವಿಇ-2023-29552 (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ನಂಬರ್) ಇದೇ.

ಮೊದಲು ಎಡ್ಜ್ ರೂಟರ್‌ನಲ್ಲಿ ಒಳಬರುವ ಡೆಸ್ಟಿನೇಶನ್ ಪೋರ್ಟ್ 427 ತಡೆಯಿರಿ, ಯುಡಿಪಿ ಮತ್ತು ಟಿಸಿಪಿ ಎರಡೂ. ಟಿಸಿಪಿ ಯಾಕೆಂದರೆ ಅದೇ ಸರ್ವಿಸ್‌ನಲ್ಲಿ ಸಿವಿಇ-2021-21974 ಎಂಬ ಹೀಪ್ ಓವರ್‌ಫ್ಲೋ (ಮೆಮೊರಿ ದೋಷ) ಇದೆ. ಪ್ಯಾಚ್ ಹಾಕದ ಹೋಸ್ಟ್‌ನಲ್ಲಿ ಹೊರಗಿನವರು ತಮ್ಮ ಕೋಡ್ ಓಡಿಸಬಹುದು. ನನ್ನ ಪ್ರಕಾರ ಡಿಡಾಸ್‌ಗಿಂತ ಅದೇ ದೊಡ್ಡ ಅಪಾಯ.

ನಂತರ ಹೋಸ್ಟ್ ಶೆಲ್‌ನಲ್ಲಿ ಎಸ್‌ಎಲ್‌ಪಿ ನಡೆಸುವ ಎಸ್‌ಎಲ್‌ಪಿಡಿ ಸರ್ವಿಸ್ ನಿಲ್ಲಿಸಿ, ಇಎಸ್‌ಎಕ್ಸ್‌ಸಿಎಲ್‌ಐ ಕಮಾಂಡ್ ಮೂಲಕ ಫೈರ್‌ವಾಲ್‌ನ ಸಿಐಎಂಎಸ್‌ಎಲ್‌ಪಿ ರೂಲ್‌ಸೆಟ್ ಆಫ್ ಮಾಡಿ. ಕೊನೆಗೆ ಬೂಟ್‌ನಲ್ಲಿ ಯಾವ ಸರ್ವಿಸ್ ಶುರುವಾಗಬೇಕೆಂದು ಹೇಳುವ ಸಿಎಚ್‌ಕೆಕಾನ್ಫಿಗ್‌ನಲ್ಲೂ ಎಸ್‌ಎಲ್‌ಪಿಡಿಯನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಮುಂದಿನ ರೀಬೂಟ್‌ಗೆ ಸರ್ವಿಸ್ ಮತ್ತೆ ಎದ್ದು ಕೂರುತ್ತದೆ. ವಿಎಂಗಳಿಗೆ ಏನೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಹಾರ್ಡ್‌ವೇರ್ ಮಾನಿಟರಿಂಗ್ ನಿಂತುಹೋಗುತ್ತದಾ? ರೇಟ್ ಲಿಮಿಟ್ ಹಾಕಿದರೆ ಆಗಲ್ವಾ?

ಉತ್ತರ 2:
ಎಸ್‌ಎಲ್‌ಪಿ ಮೂಲಕ ಹೋಸ್ಟ್ ಹುಡುಕುವ ಸಿಐಎಂ (ಹಾರ್ಡ್‌ವೇರ್ ಮಾನಿಟರಿಂಗ್) ಟೂಲ್‌ಗಳಿಗೆ ಹೋಸ್ಟ್ ತಾನಾಗಿ ಸಿಗುವುದಿಲ್ಲ ಅಷ್ಟೆ. ಟೂಲ್‌ನಲ್ಲಿ ಐಪಿಯನ್ನು ನೇರವಾಗಿ ಕೊಡಿ.

ರೇಟ್ ಲಿಮಿಟ್ ಬೇಡ. ಸೆಕೆಂಡಿಗೆ 10 ರಿಕ್ವೆಸ್ಟ್ ಬಿಟ್ಟರೂ, ಒಂದೊಂದಕ್ಕೆ 65,000 ಬೈಟ್ ಅಂದರೆ 5 ಎಂಬಿಪಿಎಸ್ ಮೇಲೆ ಹೊರಹೋಗುತ್ತದೆ. ನಿಮ್ಮಂಥ ಸಾವಿರ ಹೋಸ್ಟ್ ಸೇರಿದರೆ 5 ಜಿಬಿಪಿಎಸ್ ಆಯಿತು.

ಪರೀಕ್ಷೆಯನ್ನು ಹೊರಗಿನ ಕನೆಕ್ಷನ್‌ನಿಂದ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಪೋರ್ಟ್ ಪರೀಕ್ಷಿಸುವ ಎನ್‌ಮ್ಯಾಪ್ ಟೂಲ್‌ನ ಯುಡಿಪಿ ಸ್ಕ್ಯಾನ್ ‘ಓಪನ್ ಅಥವಾ ಫಿಲ್ಟರ್ಡ್’ ಅಂದರೆ ಉತ್ತರ ಬರಲಿಲ್ಲ ಎಂದಷ್ಟೇ ಅರ್ಥ. ಹೋಸ್ಟ್‌ನಲ್ಲಿ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿ 427ಕ್ಕೆ ಪ್ಯಾಕೆಟ್ ತಲುಪುತ್ತಿದೆಯಾ ನೋಡಿ. ಪಬ್ಲಿಕ್ ಐಪಿ ಇರುವ ಪ್ರಿಂಟರ್, ಐಪಿಎಂಐ (ಸರ್ವರ್ ಅನ್ನು ದೂರದಿಂದ ನಿರ್ವಹಿಸುವ) ಕಾರ್ಡ್‌ಗಳನ್ನೂ ಬಿಡಬೇಡಿ, ಅವುಗಳಲ್ಲೂ ಎಸ್‌ಎಲ್‌ಪಿ ಇರುತ್ತದೆ.

6.7ಕ್ಕೆ ಸಾಮಾನ್ಯ ಸಪೋರ್ಟ್ 2022ರ ಅಕ್ಟೋಬರ್‌ನಲ್ಲೇ ಮುಗಿದಿದೆ. 7.0 ಯು2ಸಿಯಿಂದೀಚೆಗೆ ಎಸ್‌ಎಲ್‌ಪಿ ಡಿಫಾಲ್ಟ್ ಆಗಿಯೇ ಆಫ್. ಅಪ್‌ಗ್ರೇಡ್ ಮಾಡಿ, ಮ್ಯಾನೇಜ್‌ಮೆಂಟ್ ಐಪಿಯನ್ನು ವಿಪಿಎನ್ ಹಿಂದೆ ಇಡಿ.

ಉತ್ತರ 3:
ಇದೇ ದಾಳಿ ನಿಮ್ಮ ಮೇಲೆ ಬಂದರೆ ಸೋರ್ಸ್ ಪೋರ್ಟ್ 427 ತಡೆಯುವ ರೂಲ್ ಒಂದೇ ಸಾಲದು. ಅಷ್ಟು ದೊಡ್ಡ ಉತ್ತರ 1,500 ಬೈಟ್ ಎಂಟಿಯುನಲ್ಲಿ (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸುಮಾರು 45 ಫ್ರಾಗ್ಮೆಂಟ್ (ತುಂಡು) ಆಗಿ ಒಡೆಯುತ್ತದೆ. ಯುಡಿಪಿ ಹೆಡರ್ ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದವಕ್ಕೆ ಪೋರ್ಟ್ ನಂಬರೇ ಇಲ್ಲ, ರೂಲ್ ದಾಟಿ ಬರುತ್ತವೆ. ಯುಡಿಪಿ ಫ್ರಾಗ್ಮೆಂಟ್‌ಗಳಿಗೆ ಬೇರೆ ರೂಲ್ ಬರೆಯಿರಿ, ಆದರೆ ದೊಡ್ಡ ಡಿಎನ್‌ಎಸ್‌ಸೆಕ್ (ಸಹಿ ಇರುವ ಡಿಎನ್‌ಎಸ್) ಉತ್ತರಗಳೂ ಫ್ರಾಗ್ಮೆಂಟ್ ಆಗಬಹುದು, ನಿಮ್ಮ ಡಿಎನ್‌ಎಸ್ ರಿಸಾಲ್ವರ್ ಐಪಿಯನ್ನು ಆ ರೂಲ್‌ನಿಂದ ಹೊರಗಿಡಿ. ಲಿಂಕ್ ತುಂಬಿಹೋದ ಮೇಲೆ ನಿಮ್ಮ ರೂಟರ್‌ನಲ್ಲಿ ಏನು ತಡೆದರೂ ತಡವಾಯಿತು. ಬಿಜಿಪಿ ಫ್ಲೋಸ್ಪೆಕ್ (ಐಎಸ್‌ಪಿ ರೂಟರ್‌ಗಳಲ್ಲೇ ಬೇಕಾದ ಟ್ರಾಫಿಕ್ ಮಾತ್ರ ತಡೆಯುವ ರೂಲ್) ಕೊಡುತ್ತೀರಾ ಅಂತ ಐಎಸ್‌ಪಿಯನ್ನು ಈಗಲೇ ಕೇಳಿಡಿ. ಬ್ಲ್ಯಾಕ್‌ಹೋಲ್ (ಒಂದು ಐಪಿಗೆ ಬರುವುದನ್ನೆಲ್ಲ ಬಿಸಾಡುವುದು) ಒಂದೇ ಇದೆ ಅಂದರೆ, ಆ ಐಪಿಗೆ ಬರುವ ಒಳ್ಳೆಯ ಟ್ರಾಫಿಕ್ಕೂ ಅದರ ಜೊತೆಗೆ ಹೋಗುತ್ತದೆ.